ಪಾತುಮ್ಮನ ಬಣ್ಣದ ಕೆಸು

ನಮ್ಮ ಓಣಿಯ ಪಾತುಮ್ಮನಿಗೆ ಗಿಡ ನೆಡುವ ಕೈಗುಣ ಇಲ್ಲ ಎಂದು ಮೊದಲು ಹೇಳಿದವನು ಅವಳ ಗಂಡ ಪುತ್ತುಬ್ಬ. ಮಲ್ಲಿಗೆ ನೆಟ್ಟಳು, ಒಣಗಿತು. ದಾಸವಾಳ ನೆಟ್ಟಳು, ಹೂವೇ ಬಿಡಲಿಲ್ಲ. "ನಿನ್ನ ಕೈ ತಾಗಿದರೆ ಕಲ್ಲು ಸಹ ಒಣಗ್ತದೆ" ಎಂದು ಅವನು ಗಲ್ಫಿನಿಂದ ರಜೆಯಲ್ಲಿ ಬಂದಾಗಲೆಲ್ಲ ನಗುತ್ತಿದ್ದ. ಮಾರಾಯರೇ, ಅವಳ ಅಂಗಳದಲ್ಲಿ ಒಂದು ಹಲಸಿನ ಮರ ಉಂಟು. ನಡುಮಧ್ಯಾಹ್ನವೂ ಅದರಡಿ ಬಿಸಿಲು ಬೀಳುವುದಿಲ್ಲ. ಅಲ್ಲಿ ಮಲ್ಲಿಗೆ ಬದುಕುವುದು ಹೇಗೆ? ಪುತ್ತುಬ್ಬ ತೀರಿಹೋದ ಮೇಲೂ ಪಾತುಮ್ಮ ಮಾತ್ರ ಆ ಮಾತನ್ನು ನಂಬಿಕೊಂಡೇ ಇದ್ದಳು.

ಒಪ್ಪದಿದ್ದವಳು ಮೀನು ಮಾರುವ ವಾರಿಜಕ್ಕ ಒಬ್ಬಳೇ. ಕಾಪುವಿನ ಓಣಿ ಓಣಿ ಸುತ್ತಿ, ಕೊನೆಗೆ ಬುಟ್ಟಿ ಇಳಿಸುವುದು ಪಾತುಮ್ಮನ ಜಗಲಿಯಲ್ಲಿ. ಮಾರಿದ ಬಂಗುಡೆಗಿಂತ ಆಡಿದ ಮಾತೇ ಹೆಚ್ಚು. ಪಕ್ಕದ ಮನೆಯಲ್ಲಿ ಹೊಲಿಗೆ ಮಿಷನ್ ಮುಂದೆ ಕೂತ ನನಗೆ ಎಲ್ಲ ಕೇಳುತ್ತದೆ. ನನ್ನ ಹೆಸರು ಬರ್ತಾ, ಓಣಿಯವರಿಗೆಲ್ಲ ಬರ್ತಾ ಬಾಯಿ. ಅವರು ಆಡುವುದು ತುಳು, ನಾನಿಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ ಅಷ್ಟೆ.

ಎರಡು ವರ್ಷದ ಹಿಂದೆ ಮಳೆ ಹಿಡಿಯುವ ಹೊತ್ತಿಗೆ ವಾರಿಜಕ್ಕ ಕಾಗದದಲ್ಲಿ ಸುತ್ತಿದ ಒಂದು ಗಡ್ಡೆ ತಂದಳು.

"ಇದಕ್ಕೆ ಬಿಸಿಲು ಬೇಡ. ನಿನ್ನ ಹಲಸಿನ ಬುಡವೇ ಇದಕ್ಕೆ ಅರಮನೆ."

"ಎಂತ ಇದು, ಕೆಸುವಾ? ಪತ್ರೊಡೆ ಮಾಡ್ಲಿಕ್ಕೆ ಆಗ್ತದಾ?"

"ಮಾಡಿ ತಿನ್ನು. ನಾಲಿಗೆ ತುರಿಸಿ ಒಂದು ವಾರ ಬಾಯಿ ಮುಚ್ಚಿ ಕೂರ್ತಿ. ಓಣಿಗಾದರೂ ನೆಮ್ಮದಿ!"

ನರ್ಸರಿಯವರು ಕ್ಯಾಲಾಡಿಯಂ ಅನ್ನುತ್ತಾರೆ, ನಮಗೆ ಅದು ಬಣ್ಣದ ಕೆಸು. ಪಾತುಮ್ಮ ಅದನ್ನು ಮಣ್ಣಿನ ಚಟ್ಟಿಯಲ್ಲಿ ನೆಟ್ಟು ಹಲಸಿನ ಬುಡದಲ್ಲಿಟ್ಟಳು. ಆಟಿ ತಿಂಗಳ, ಅಂದರೆ ಆಷಾಢದ ಮಳೆಗೆ ಚಟ್ಟಿಯ ತುಂಬ ಎಲೆ. ನಡುವೆ ಕುಂಕುಮದ ಕೆಂಪು, ಅಂಚಿಗೆ ಹಸಿರು, ಮೇಲೆಲ್ಲ ಬಿಳಿ ಚುಕ್ಕೆ. ಆ ಕತ್ತಲು ಮೂಲೆಯಲ್ಲಿ ಯಾರೋ ದೀಪ ಇಟ್ಟ ಹಾಗಿತ್ತು. ಪಾತುಮ್ಮ ಮೀನು ತೊಳೆದ ನೀರನ್ನೆಲ್ಲ ಅದಕ್ಕೇ ಹೊಯ್ದಳು. "ನೋಡಿ ಬರ್ತಾ ಬಾಯಿ, ನನ್ನ ಕೈ!" ಎಂದು ನನ್ನನ್ನು ದಿನಾ ಕರೆದು ತೋರಿಸಿದಳು.

ದೀಪಾವಳಿ ಕಳೆಯಿತು, ಎಲೆಗಳು ಒಂದೊಂದಾಗಿ ಜೋತುಬಿದ್ದವು. ಗೊಬ್ಬರ ಹಾಕಿದಳು. ಬಿಸಿಲಿಗಿಟ್ಟಳು, ಉಳಿದದ್ದೂ ಸುಟ್ಟುಹೋಯಿತು. ಕೊನೆಗೆ ಬರೀ ಮಣ್ಣು. ಪಾತುಮ್ಮ ಚಟ್ಟಿಯನ್ನು ಬಚ್ಚಲಮನೆಯ ಹಿಂದೆ, ಹಂಚಿನ ಮಾಡಿನ ಅಡಿಯಲ್ಲಿ ಅಡಗಿಸಿಟ್ಟಳು.

"ಪ್ರೀತಿಯಿಂದ ಕೊಟ್ಟದ್ದನ್ನು ಕೊಂದೆ ಅಂತ ವಾರಿಜಕ್ಕನಿಗೆ ಹೇಗೆ ಹೇಳುವುದು ಬಾಯಿ? ನಮ್ಮ ಮನೆಯವರು ಅಂದದ್ದು ಸುಳ್ಳಲ್ಲ, ನನ್ನ ಕೈಯೇ ಹಾಗೆ."

"ಹೇಳಿದರೆ ಅವಳೇನು ನಿನ್ನನ್ನು ನುಂಗ್ತಾಳಾ?" ಎಂದು ಗದರಿದೆ. ಕೇಳಿದರೆ ತಾನೇ!

ಜಗಲಿಗೆ ಬಂದವಳು ಗಿಡ ನೋಡದೆ ಹೋಗುವವಳಲ್ಲ. ಹಾಗಾಗಿ ವಾರಿಜಕ್ಕನ ಕೂಗು ಕೇಳಿದ ಕೂಡಲೇ ಪಾತುಮ್ಮ ಒಳಗೆ. ಸೊಸೆ ನುಸ್ರತ್ ಅರ್ಧ ಬಾಗಿಲು ತೆರೆದು, "ಇವತ್ತು ಮೀನು ಬೇಡವಂತೆ" ಎನ್ನುವುದು. ಮರುದಿನವೂ ಅದೇ, ಅದರ ಮರುದಿನವೂ ಅದೇ. ವಾರಿಜಕ್ಕ ಗೇಟಿನ ಹತ್ತಿರ ಸ್ವಲ್ಪ ಹೊತ್ತು ನಿಂತು ಹೋಗುತ್ತಿದ್ದಳು. ಆಮೇಲೆ ಓಣಿಗೆ ಬರುವುದನ್ನೇ ಬಿಟ್ಟಳು. ಬೇರೆ ಮೀನಿನ ಹೆಂಗಸರೂ ಬರಲಿಲ್ಲ. ನಮಗೆಲ್ಲ ಐಸು ಹಾಕಿದ ಮೀನಿನ ಟೆಂಪೊವೇ ಗತಿಯಾಯಿತು.

ಮುಂದಿನ ಜೂನಿನಲ್ಲಿ ಮಾಡಿನ ಹಂಚು ಸೋರಿತು. ಒಂದು ಬೆಳಿಗ್ಗೆ ಪಾತುಮ್ಮ ಕಿರುಚಿದ್ದು ಕೇಳಿ ಹಾವೇ ಬಂತೇನೋ ಎಂದು ಓಡಿದೆ. ಆ ಸತ್ತ ಚಟ್ಟಿಯಲ್ಲಿ ಸುರುಳಿ ಸುತ್ತಿದ ಒಂದು ಕೆಂಪು ಎಲೆ ಎದ್ದಿತ್ತು. ಎಲೆ ಬಿಚ್ಚುವವರೆಗೂ ಅವಳು ಕಾಯಲಿಲ್ಲ. ರಿಕ್ಷಾ ಹತ್ತಿ, ಚಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ನನ್ನನ್ನೂ ಎಳೆದುಕೊಂಡು ದೀಪಸ್ತಂಭದ ಹತ್ತಿರದ ವಾರಿಜಕ್ಕನ ಮನೆಗೆ ಹೋದಳು.

ವಾರಿಜಕ್ಕ ಮಂಡಿಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದಳು. ಎದ್ದು ನಿಲ್ಲುವುದೂ ಕಷ್ಟವಾಗಿತ್ತು. ಪಾತುಮ್ಮ ಎಲ್ಲ ಹೇಳಿದಳು.

"ಅಯ್ಯೋ, ಅದು ಸತ್ತದ್ದಲ್ಲ, ಮಲಗಿದ್ದು! ಮಳೆ ಹೋದರೆ ಮಲಗ್ತದೆ, ಮಳೆ ಬಂದರೆ ಏಳ್ತದೆ. ಅಷ್ಟೂ ಗೊತ್ತಿಲ್ವಾ?"

"ನೀವು ಹೇಳ್ಲಿಲ್ಲ."

"ಹೇಳ್ಬೇಕು ಅಂತ ನನಗೆ ಅಂದಾಜಾಗ್ಲಿಲ್ಲ ಮಾರಾಯ್ತಿ." ವಾರಿಜಕ್ಕ ಎಲೆಯನ್ನೇ ನೋಡುತ್ತಿದ್ದಳು. "ನಾನು ಬೇರೆಯೇ ಎಣಿಸಿದೆ. ಈಗ ಅವರವರು ಅವರವರ ಜನರ ಹತ್ತಿರವೇ ವ್ಯಾಪಾರ ಮಾಡುವ ಕಾಲ ಅಲ್ವಾ. ನೀನೂ ಹಾಗಾದೆ ಅಂತ."

"ನಾನಾ?" ಪಾತುಮ್ಮ ಚಟ್ಟಿಯನ್ನು ಕೆಳಗಿಟ್ಟಳು. "ಒಂದು ಸಲ ಒಳಗೆ ನುಗ್ಗಿ ಬಂದು ಬಯ್ಯಬಹುದಿತ್ತಲ್ಲ ವಾರಿಜಕ್ಕ."

"ಮಲ್ಪೆಯಲ್ಲಿ, ಬೋಟು ಬಂದು ಮೀನು ಇಳಿಸುವ ದಕ್ಕೆಯಲ್ಲಿ ಎಲ್ಲರ ಹತ್ತಿರ ಹೇಳಿಬಿಟ್ಟೆ. ಆ ಓಣಿಗೆ ನಮ್ಮ ಮೀನು ಬೇಡವಂತೆ ಅಂತ." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಎಂಥ ಮಾತಾಡಿಬಿಟ್ಟೆ!"

ಇಬ್ಬರೂ ಅತ್ತರು. ನನಗೆ ಇಬ್ಬರ ಮೇಲೂ ಸಿಟ್ಟು ಬಂದು, ನಾನೂ ಅತ್ತೆ.

ಆಮೇಲೆ ವಾರಿಜಕ್ಕ ದಕ್ಕೆಯ ಹೆಂಗಸರಿಗೆಲ್ಲ ಹೇಳಿಕಳಿಸಿದಳು, ಅದು ತನ್ನ ತಪ್ಪು ಎಣಿಕೆ ಎಂದು. ಕೇಳಿದವರು "ಹೌದಾ" ಎಂದರಂತೆ. ಬರಲಿಲ್ಲ. ಅವಳ ಮಂಡಿಗೆ ಇನ್ನು ಬುಟ್ಟಿ ಹೊರುವ ಶಕ್ತಿ ಇಲ್ಲ.

ಮೊನ್ನೆ ಕೆಸುವಿನ ಎಲೆ ಮತ್ತೆ ಬಾಡಿತು. ಪಾತುಮ್ಮ ಹೆದರಲಿಲ್ಲ, ನೀರು ನಿಲ್ಲಿಸಿ ಚಟ್ಟಿಯನ್ನು ಮಾಡಿನಡಿಗೆ ಇಟ್ಟಳು. "ಇದೇನೋ ಜೂನಿಗೆ ಏಳ್ತದೆ ಬಾಯಿ" ಎಂದಳು. ಆಮೇಲೆ ಬಂದು, ವಾರಿಜಕ್ಕ ಬುಟ್ಟಿ ಇಳಿಸುತ್ತಿದ್ದ ಆ ಜಗಲಿಯ ಮೂಲೆಯನ್ನು ಒರೆಸಿದಳು. ಅದನ್ನು ಅವಳು ಈಗಲೂ ದಿನಾ ಒರೆಸುತ್ತಾಳೆ.