ಗಿಣಿಕೊಕ್ಕಿನ ಚಾಕು

ಸೀಟಣ್ಣನ ಚಾಕುವನ್ನು ಮೊದಲ ಸಲ ನೋಡಿದವರು ಯಾರೂ ಅದನ್ನು ಚಾಕು ಎಂದು ಒಪ್ಪಿಕೊಂಡದ್ದಿಲ್ಲ. ಮಡಚಿದಾಗ ಅದು ಬೆರಳುದ್ದದ ಒಂದು ಕರಿಮರದ ತುಂಡು, ಎರಡು ತುದಿಗೂ ಹಿತ್ತಾಳೆಯ ಕಟ್ಟು, ಅಷ್ಟೆ. ಹೆಬ್ಬೆರಳಿನ ಉಗುರು ಸಿಕ್ಕಿಸಿ ಬಿಚ್ಚಿದರೆ ಒಳಗಿಂದ ಹೊರಡುವುದು ನೆಟ್ಟಗಿನ ಅಲಗಲ್ಲ, ಗಿಣಿಯ ಕೊಕ್ಕಿನ ಹಾಗೆ ಕೆಳಕ್ಕೆ ಬಾಗಿದ ಉಕ್ಕು. ಹರಿತವೆಲ್ಲ ಕೊಕ್ಕಿನ ಒಳಬಾಗಿನಲ್ಲಿ. ಬೆನ್ನು ಮೊಂಡು, ತುದಿ ಅದಕ್ಕಿಂತ ಮೊಂಡು. "ಭಾವ, ಇದು ಹುಟ್ಟಾ ಗೂನೋ, ಇಲ್ಲ ನಿನ್ನ ಹತ್ರ ಬಂದ ಮೇಲೆ ಬೆನ್ನು ಬಗ್ಗಿತೋ?" ಎಂದು ಪಕ್ಕದ ಮೆಷಿನ್ನಿನ ಹೊಲಿಗೆಯವನು ಮೂವತ್ತು ವರ್ಷದ ಹಿಂದೆ ಕೇಳಿದ್ದ. ಭಾವ ಎಂದರೆ ನಂಟೇನೂ ಇಲ್ಲ, ಅಕ್ಕಪಕ್ಕ ಕೂತು ಕೂತು ಬೆಳೆದ ಸಲಿಗೆ. ಅವತ್ತಿನಿಂದ ಅದಕ್ಕೆ ಗಿಣಿ ಎಂದೇ ಹೆಸರಾಯಿತು.

ಬಸ್ಸುಗಳಿಗೆ ಸೀಟು ಮಾಡುವ ಕಾರ್ಖಾನೆ ಅದು. ಸ್ಪಂಜಿನ ಮೇಲೆ ರೆಕ್ಸಿನ್ ಎಳೆದು ಹೊದಿಸಿ, ಕಬ್ಬಿಣದ ಚೌಕಟ್ಟಿನ ಹಿಂದಕ್ಕೆ ತಿರುಗಿಸಿ ಅಂಟಿಸಿ, ಮಿಕ್ಕ ಅಂಚನ್ನು ಸುತ್ತಲೂ ಕುಯ್ದು ತೆಗೆಯುವುದು ಸೀಟಣ್ಣನ ಪಾಲಿನ ಕೆಲಸ. ನೆಟ್ಟಗಿನ ಚಾಕು ಹಿಡಿದವನು ಗೆರೆಯ ಮೇಲೆ ಕಣ್ಣಿಟ್ಟೇ ಕುಯ್ಯಬೇಕು. ಚೂರು ಒಳಗೆ ಹೋದರೆ ಸ್ಪಂಜು ಸೀಳುತ್ತದೆ, ಚೂರು ಹೊರಗೆ ಬಂದರೆ ಅಂಚು ಇಲಿ ಕಡಿದ ಹಾಗಾಗುತ್ತದೆ. ಗಿಣಿಗೆ ಆ ತಾಪತ್ರಯವೇ ಇಲ್ಲ. ಅದರ ಮೊಂಡು ಮೂತಿಯನ್ನು ರೆಕ್ಸಿನ್ನಿನ ಅಡಿಗೆ ತೂರಿಸಿ, ಕಬ್ಬಿಣಕ್ಕೆ ಊರಿ, ತನ್ನ ಕಡೆಗೆ ಎಳೆದುಕೊಂಡರೆ ಮುಗಿಯಿತು. ಮೂತಿ ಕಬ್ಬಿಣವನ್ನು ತಡವುತ್ತಾ ಬರುತ್ತದೆ, ಬಾಗಿನೊಳಗೆ ಸಿಕ್ಕ ರೆಕ್ಸಿನ್ ತಾನಾಗಿ ಕುಯ್ದುಹೋಗುತ್ತದೆ. ಮೂಲೆ ಬಂದರೆ ಮಣಿಕಟ್ಟು ಒಂದಿಷ್ಟು ತಿರುಗಿಸಿದರಾಯಿತು, ಗಿಣಿಯೂ ತಿರುಗುತ್ತದೆ. ಎಂಥ ಚೆಂದದ ವಸ್ತು ಅಂತೀರಿ! ಅಂಗಡಿಯಲ್ಲಿ ಹುಡುಕಿದರೆ ಇನ್ನೊಂದು ಸಿಗುತ್ತಿರಲಿಲ್ಲ, ಯಾಕೆಂದರೆ ಅದು ಅಂಗಡಿಯದ್ದಲ್ಲ.

ಅದನ್ನು ಮಾಡಿದವನು ಸೀಟಣ್ಣನಿಗೆ ಕೆಲಸ ಕಲಿಸಿದ ಮುದುಕ ಮೇಸ್ತ್ರಿ. ಗುಜರಿಗೆ ಹೋದ ಲಾರಿಯೊಂದರ ಸ್ಪ್ರಿಂಗ್ ಪಟ್ಟಿಯ ಉಕ್ಕನ್ನು ಕಾಯಿಸಿ, ಬಡಿದು, ಹದಿನೈದು ದಿನ ಉಜ್ಜಿ ಉಜ್ಜಿ ಆ ಬಾಗು ತಂದಿದ್ದ. ಕೆಲಸ ಬಿಡುವ ದಿನ ಅದನ್ನು ಸೀಟಣ್ಣನ ಅಂಗೈಗೆ ಹಾಕಿ, "ನೋಡು ಮಗಾ, ಇದಕ್ಕೆ ಮೂಗು ಮೊದಲು, ಹಲ್ಲು ಆಮೇಲೆ. ಚಕ್ರದ ಸಾಣೆಗೆ ಕೊಡಬೇಡ, ಬೆರಳು ದಪ್ಪದ ಕೋಲಿಗೆ ಮರಳುಕಾಗದ ಸುತ್ತಿ ನೀನೇ ತಿಕ್ಕು. ಮತ್ತೆ, ಮನೇಲಿ ಬಿಚ್ಚಬೇಡ. ಕೆಲಸದ ಚಾಕು ತರಕಾರಿ ರುಚಿ ನೋಡಿತು ಅಂದ್ರೆ ಅದರ ಕತೆ ಮುಗೀತು" ಎಂದಿದ್ದ. ಸೀಟಣ್ಣ ಆ ಮಾತನ್ನು ಒಂದು ದಿನವೂ ಮೀರಲಿಲ್ಲ. ಮನೆಗೆ ಬಂದರೆ ಗಿಣಿಗೆ ಗೂಡಿನ ಮೂಲೆ, ಬೆಳಗಾದರೆ ಅಂಗಿಯ ಜೇಬು. ಹೆಂಡತಿಗೂ ಅದನ್ನು ಮುಟ್ಟಲು ಬಿಟ್ಟವನಲ್ಲ.

ಎರಡು ವರ್ಷದ ಹಿಂದೆ ಸೀಟಣ್ಣನ ಕಣ್ಣಿನ ನಡುವೆ ಒಂದು ಮಬ್ಬು ಬಂದು ಕೂತಿತು. ಬದಿಯಲ್ಲಿರುವುದೆಲ್ಲ ಮಸುಕಾಗಿ ಕಾಣುತ್ತದೆ, ನೋಡಬೇಕು ಎಂದು ನೋಡಿದ್ದು ಮಾತ್ರ ಕಾಣುವುದಿಲ್ಲ. ಎದುರು ನಿಂತವನ ಕಿವಿ ಕಾಣುತ್ತದೆ, ಮುಖ ಇಲ್ಲ. ಯಾರಿಗೂ ಹೇಳದೆ ಒಂದು ಮಧ್ಯಾಹ್ನ ರಜೆ ಹಾಕಿ ಕಣ್ಣಿನ ಡಾಕ್ಟರ ಹತ್ತಿರ ಹೋದ. ಅವರು ದೀಪ ಬಿಟ್ಟು ನೋಡಿ, "ಒಳಗಿನ ಪರದೆ ಸವೆದುಹೋಗಿದೆ. ಇದಕ್ಕೆ ಕನ್ನಡಕ ಇಲ್ಲ, ಇನ್ನೂ ಹೆಚ್ಚಾಗಬಹುದು" ಎಂದರು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತ. ಅತ್ತು, ಮುಖ ತೊಳೆದುಕೊಂಡು, ಹಲ್ಲುನೋವಿಗೆ ಮಾತ್ರೆ ತರಲು ಹೋಗಿದ್ದೆ ಎಂದು ಮನೆಯಲ್ಲಿ ಸುಳ್ಳು ಹೇಳಿದ.

ಯಾಕೆ ಹೇಳಲಿಲ್ಲ? ಬಾಯಿ ಇರಲಿಲ್ಲವೇ ಈ ಮನುಷ್ಯನಿಗೆ? ಇತ್ತು, ಊರಿಗೆಲ್ಲ ಆಗುವಷ್ಟು ಇತ್ತು. ಆದರೆ ಅವರಿದ್ದದ್ದು ಕಾರ್ಖಾನೆಯ ಹಿಂದಿನ ಸಾಲಿನ ಎರಡು ಕೋಣೆಯ ಮನೆ, ಕೆಲಸ ಇರುವವರೆಗೆ ಮಾತ್ರ ಮನೆ. ಆ ಮನೆಯಲ್ಲಿ ಅವನು ಕುರುಡನಲ್ಲ. ಬಾಗಿಲಿಂದ ನಲ್ಲಿಗೆ ಹನ್ನೊಂದು ಹೆಜ್ಜೆ, ನಲ್ಲಿಯಿಂದ ಕಾರ್ಖಾನೆಯ ಗೇಟಿಗೆ ನೂರ ನಲವತ್ತು. ಹೊಸ್ತಿಲು ಎಲ್ಲಿ ಸವೆದಿದೆ, ಗೋಡೆ ಎಲ್ಲಿ ಉಬ್ಬಿದೆ, ಕಾಲಿಗೆ ಗೊತ್ತು. ಬೇರೆ ಮನೆಗೆ ಎತ್ತಿಟ್ಟರೆ ಅವತ್ತೇ ಅವನು ಕುರುಡ, ಹೆಂಡತಿ ಅವನ ಕೋಲು.

ಹೀಗಾಗಿ ಗಿಣಿಯೇ ಕಣ್ಣಾಯಿತು. ಎಡಗೈಯಲ್ಲಿ ಚೌಕಟ್ಟು ತಡವಿ ನೋಡುವುದು, ಗಿಣಿಯ ಮೂತಿ ಊರುವುದು, ಎಳೆಯುವುದು. ಎರಡು ವರ್ಷದಲ್ಲಿ ಒಂದು ಸೀಟು ಕೆಡಲಿಲ್ಲ. ಬದಿಗಣ್ಣಲ್ಲಿ ನೋಡಲು ಕತ್ತು ವಾಲಿಸುತ್ತಿದ್ದದ್ದನ್ನು ಕಂಡು ಹೊಲಿಗೆಯವನು, "ಏನು ಭಾವ, ಕಾಳು ಹುಡುಕೋ ಕೋಳಿ ಹಾಗೆ ಕತ್ತು ಓರೆ ಮಾಡ್ತೀಯ" ಎಂದರೆ, "ನಿನ್ನ ಮುಖ ನೆಟ್ಟಗೆ ನೋಡೋಕಾಗಲ್ಲ ಮಾರಾಯ, ಅದಕ್ಕೆ" ಎಂದು ತಿರುಗಿಸಿ ಹೊಡೆಯುತ್ತಿದ್ದ. ಎಲ್ಲರೂ ನಗುತ್ತಿದ್ದರು. ಅವನು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ.

ಅಷ್ಟರಲ್ಲಿ ಹೊಸ ಮ್ಯಾನೇಜರ್ ಬಂದ. ಮಾತು ಕಡಿಮೆ, ಕೆಲಸ ನೋಡಬಲ್ಲ ಮನುಷ್ಯ. ಹಾಲಿನ ಬಣ್ಣದ ಸೀಟುಗಳಿಗೆ ದೊಡ್ಡ ಆರ್ಡರ್ ಬಂದಿದೆ, ಬಿಳಿಯ ಮೇಲೆ ತಪ್ಪು ಎದ್ದು ಕಾಣುತ್ತದೆ, ಸೋಮವಾರ ಪ್ರತಿಯೊಬ್ಬರೂ ತನ್ನೆದುರು ಒಂದೊಂದು ಸೀಟು ಮುಗಿಸಿ ತೋರಿಸಬೇಕು, ಕೈ ಸರಿ ಇಲ್ಲದವರಿಗೆ ಇಲ್ಲಿ ಜಾಗವಿಲ್ಲ ಎಂದು ಶನಿವಾರ ಹೇಳಿದ. ಸೀಟಣ್ಣ ಮನೆಗೆ ಬಂದು ಹೆಂಡತಿಗೆ, "ಸೋಮವಾರ ಪರೀಕ್ಷೆಯಂತೆ ಕಣೇ, ಈ ವಯಸ್ಸಲ್ಲಿ" ಎಂದು ನಕ್ಕ. ಜೇಬಿನಲ್ಲಿ ಗಿಣಿಯನ್ನು ಅದುಮಿ ಹಿಡಿದಿದ್ದ.

ಭಾನುವಾರ ಊಟವಾದ ಮೇಲೆ ಗೋಡೆ ಕಡೆ ತಿರುಗಿ ಮಲಗಿದ. ಅರೆನಿದ್ದೆಯಲ್ಲಿ ಬೀದಿಯಿಂದ ಸಾಣೆಯವನ ಚಕ್ರದ ಸದ್ದು ಕೇಳಿತು. ಕರ್ರೆಂದು ಉಕ್ಕು ಅರಚುವ ಸದ್ದು, ತುಂಬಾ ಹೊತ್ತು. ಯಾರ ಮನೆಯ ಕತ್ತಿಗೋ ಗ್ರಹಚಾರ ಎಂದುಕೊಂಡು ಮಗ್ಗುಲು ಬದಲಾಯಿಸಿದ.

ಸೋಮವಾರ ಬೆಳಗ್ಗೆ ಹೆಂಡತಿ ಬಾಗಿಲವರೆಗೆ ಬಂದಳು. ಯಾವತ್ತೂ ಬರುವವಳಲ್ಲ. "ಏನೂ ಹೆದರ್ಕೋಬೇಡಿ, ಎಲ್ಲಾ ಸರಿಹೋಗತ್ತೆ" ಎಂದಳು. ಗೂಡಿನಿಂದ ಚಾಕು ತೆಗೆದು ಜೇಬಿಗಿಳಿಸಿ ಅವನು ಹೊರಟ. ಮಡಚಿದ ಚಾಕು ಮಡಚಿದ ಚಾಕುವಿನ ಹಾಗೆಯೇ ಇತ್ತು.

ಮ್ಯಾನೇಜರ್ ಮೊದಲು ಕರೆದದ್ದೇ ಅವನನ್ನು, ಹಿರಿಯ ಕೈ ಎಂದು. ಸೀಟಣ್ಣ ಹಾಲಿನ ಬಣ್ಣದ ರೆಕ್ಸಿನ್ ಎಳೆದ, ಹೊದಿಸಿದ, ಅಂಟಿಸಿದ. ಇದೆಲ್ಲ ಅಂಗೈಯ ಕೆಲಸ, ಅಂಗೈಗೆ ಎಂಥ ಕಣ್ಣು? ಆಮೇಲೆ ಗಿಣಿಯನ್ನು ತೆಗೆದು ಬಿಚ್ಚಿದ. ರೂಢಿಯಂತೆ ಹೆಬ್ಬೆರಳು ಮೂತಿಯನ್ನು ಮುಟ್ಟಲು ಹೋಯಿತು. ಮೂತಿ ಇರಲಿಲ್ಲ.

ಬೆರಳನ್ನು ಮತ್ತೆ ಆಡಿಸಿದ. ಕೊಕ್ಕು ಹೋಗಿತ್ತು. ಬಾಗೆಲ್ಲ ತೇಯ್ದು ನೆಟ್ಟಗಾಗಿ, ಒಂದು ಗೆಣ್ಣಿನಷ್ಟು ಗಿಡ್ಡವಾಗಿ, ತುದಿಗೆ ಸೂಜಿಯಂಥ ಮೊನೆ ಬಂದಿತ್ತು. ನಿನ್ನೆ ಕೇಳಿದ ಚಕ್ರದ ಸದ್ದು ಈಗ ಅವನ ತಲೆಯೊಳಗೆ ಅರಚಿತು. ಅವಳು. ಬಾಗಿಲವರೆಗೆ ಬಂದದ್ದು ಇದಕ್ಕೇ. ಹೊಟ್ಟೆ ಸರಿಯಿಲ್ಲ, ನಾಳೆ ಮಾಡುತ್ತೇನೆ ಎನ್ನೋಣವೆಂದರೆ ನಾಳೆ ಮಾತ್ರ ಕೊಕ್ಕು ಬೆಳೆದು ಬರುತ್ತದೆಯೇ?

"ಏನಾಯ್ತು ಯಜಮಾನ್ರೇ?" ಎಂದ ಮ್ಯಾನೇಜರ್.

"ಏನಿಲ್ಲ ಸಾರ್."

ಅವನಿಗೆ ಹೊಳೆದದ್ದು ಒಂದೇ ದಾರಿ. ಗಿಣಿಗೆ ಮೂಗಿಲ್ಲದಿದ್ದರೆ ತನ್ನ ಬೆರಳೇ ಮೂಗು. ಎಡಗೈಯ ಹೆಬ್ಬೆರಳನ್ನು ರೆಕ್ಸಿನ್ನಿನ ಅಡಿಗೆ ತೂರಿಸಿ ಚೌಕಟ್ಟಿಗೆ ಊರಿದ. ಚಾಕುವಿನ ಮೊನೆಯನ್ನು ಆ ಬೆರಳಿನ ಉಗುರಿಗೇ ತಾಗಿಸಿ, ಬೆರಳು ಮುಂದೆ, ಅಲಗು ಹಿಂದೆ ಎಳೆಯುತ್ತಾ ಹೋದ. ಮೊದಲ ಮೂಲೆಯಲ್ಲೇ ಮೊನೆ ಉಗುರು ದಾಟಿ ಮಾಂಸಕ್ಕೆ ಇಳಿಯಿತು. ಹಲ್ಲು ಕಚ್ಚಿದ. ಎರಡನೆಯ ಮೂಲೆಯಲ್ಲಿ ಇನ್ನೊಮ್ಮೆ. ಕೈ ತೆಗೆದರೆ ಗೆರೆ ತಪ್ಪುತ್ತದೆ, ಗೆರೆ ತಪ್ಪಿದರೆ ಮನೆ ಹೋಗುತ್ತದೆ. ಕೈ ತೆಗೆಯಲಿಲ್ಲ. ನಾಲ್ಕು ಬದಿ ಮುಗಿಯುವ ಹೊತ್ತಿಗೆ ಬೆನ್ನೆಲ್ಲ ಬೆವರು. ಕೊನೆಗೆ ಅಂಚು ಕೂತಿದೆಯೇ ಎಂದು ಗೇಣುಗೇಣಿಗೂ ಅದೇ ಹೆಬ್ಬೆರಳಿನಿಂದ ಒತ್ತಿ ನೋಡಿದ. ಜೇಬಿನ ಬಟ್ಟೆಯನ್ನು ಹೆಬ್ಬೆರಳಿಗೆ ಬಿಗಿಯಾಗಿ ಸುತ್ತಿ, ಅದರ ತುದಿಯಲ್ಲೇ ಸೀಟನ್ನೊಮ್ಮೆ ಒರೆಸಿ, "ಆಯ್ತು ಸಾರ್" ಎಂದ.

ಮ್ಯಾನೇಜರ್ ಸೀಟನ್ನು ತಿರುಗಿಸಿ ಅಂಚಿನುದ್ದಕ್ಕೂ ಬೆರಳಾಡಿಸಿದ. ಒಂದು ಹಲ್ಲಿಲ್ಲ, ಒಂದು ಎಳೆ ಎದ್ದಿಲ್ಲ, ಸ್ಪಂಜಿಗೆ ಗೀರಿಲ್ಲ. "ಇದು ಕೈ ಅಂದ್ರೆ" ಎಂದ. "ಇದನ್ನೇ ಮಾದರಿ ಇಡೋಣ. ಬೆರಳು ಕುಯ್ಕೊಂಡಿದ್ದೀರಿ ಅಂತ ಕಾಣತ್ತೆ, ಆ ರಕ್ತ ಒಂಚೂರು ಒರೆಸಿಬಿಡಿ."

ಸೀಟಣ್ಣನಿಗೆ ಜೀವ ಬಂದಂತಾಯಿತು. "ಹೂಂ ಸಾರ್, ಒರೆಸಿದೆ" ಎಂದು ಬಾಯಿಗೆ ಬಂತು, ನುಂಗಿಕೊಂಡ. ಬಟ್ಟೆ ಹಿಡಿದು ಸೀಟಿನ ಮೇಲೆ ಬಾಗಿದ. ಕತ್ತು ಓರೆ ಮಾಡಿದ. ಬಿಳಿ ಮಸುಕಾಗಿ ಕಂಡಿತು, ಬಿಳಿಯ ನಡುವೆ ಎರಡು ವರ್ಷದಲ್ಲಿ ಹಿಗ್ಗಿದ್ದ ತನ್ನ ಮಬ್ಬು ಕಂಡಿತು. ಎಲ್ಲಿದೆ ರಕ್ತ? ಒಂದು ಕಡೆ ಉಜ್ಜಿದ. ಇನ್ನೊಂದು ಕಡೆ ಇನ್ನೂ ಜೋರಾಗಿ ಉಜ್ಜಿದ. ಹೊಲಿಗೆಯವನು ಸ್ಟೂಲು ಸರಿಸಿ ಎದ್ದು, "ಕೊಡು ಭಾವ, ನಾನು..." ಎಂದು ಬಂದ.

"ನೀವು ಕೂತ್ಕೊಳ್ಳಿ. ಅವರೇ ಒರೆಸಲಿ" ಎಂದ ಮ್ಯಾನೇಜರ್.

ಹಾಲಿನ ಬಣ್ಣದ ಆ ಸೀಟಿನ ನಾಲ್ಕು ಬದಿಗೂ ಗೇಣಿಗೊಂದರಂತೆ ಕೆಂಪು ಹೆಬ್ಬೆಟ್ಟಿನ ಗುರುತಿತ್ತು. ಇಡೀ ಕಾರ್ಖಾನೆಗೆ ಅದು ಕಾಣುತ್ತಿತ್ತು. ಸೀಟಣ್ಣ ಅದರ ನಟ್ಟನಡುವೆ, ಒಂದು ಚುಕ್ಕೆಯೂ ಇಲ್ಲದ ಜಾಗವನ್ನು ತಿಕ್ಕುತ್ತಲೇ ಇದ್ದ. ಹೆಬ್ಬೆರಳಿನ ಬಟ್ಟೆ ತೊಯ್ದು ಅಲ್ಲಿಯೂ ಕೆಂಪಾಗತೊಡಗಿದಾಗ ಮ್ಯಾನೇಜರ್ ಅವನ ಕೈ ಹಿಡಿದು ನಿಲ್ಲಿಸಿದ.

"ಎಷ್ಟು ದಿನದಿಂದ ಹೀಗೆ?" ಎಂದು ಮೆಲ್ಲಗೆ ಕೇಳಿದ.

"ಎರಡು ವರ್ಷ ಆಯ್ತು ಸಾರ್. ಆದ್ರೆ ಕೆಲಸ ನೋಡಿದ್ರಲ್ಲ, ಅಂಚು ನೋಡಿದ್ರಲ್ಲ?"

"ನೋಡಿದೆ. ಇವತ್ತು ಬೆರಳು, ನಾಳೆ ಕೈ ಹೋದ್ರೆ ನಾನು ಯಾರಿಗೆ ಉತ್ತರ ಹೇಳಲಿ? ಕಣ್ಣಿಲ್ಲದೋರ ಕೈಗೆ ಚಾಕು ಕೊಡೋಕೆ ನನಗೆ ಧೈರ್ಯ ಇಲ್ಲ ಯಜಮಾನ್ರೇ. ಎರಡು ತಿಂಗಳು ಆ ಮನೇಲೇ ಇರಿ, ಅಷ್ಟರಲ್ಲಿ ಬೇರೆ ಮನೆ ನೋಡ್ಕೊಳ್ಳಿ."

ಕೊಕ್ಕಿದ್ದಿದ್ದರೆ ಬೆರಳು ಕುಯ್ಯುತ್ತಿರಲಿಲ್ಲ ಎಂದು ಹೇಳಬೇಕೆನಿಸಿತು. ಯಾವ ಕೊಕ್ಕು ಎಂದು ಕೇಳಿದರೆ ತೋರಿಸುವುದಕ್ಕೆ ಏನಿತ್ತು? ಚಾಕು ಮಡಚಿಕೊಂಡ. ಹೊಲಿಗೆಯವನು ಗೇಟಿನವರೆಗೆ ತೋಳು ಹಿಡಿದು ಬಂದ. ಇಬ್ಬರಿಗೂ ತಮಾಷೆ ಒಂದೂ ನೆನಪಾಗಲಿಲ್ಲ.

ನೂರ ನಲವತ್ತು ಹೆಜ್ಜೆಯನ್ನೂ, ನಲ್ಲಿಯ ಆಚೆಗಿನ ಹನ್ನೊಂದನ್ನೂ ಸೀಟಣ್ಣ ಬೈಗುಳ ಕಟ್ಟಿಕೊಂಡೇ ನಡೆದ. ಯಾರು ಕೈ ಹಾಕು ಅಂದಿದ್ರು ನಿನಗೆ? ಮೂವತ್ತು ವರ್ಷ ಮುಟ್ಟದವಳು ನಿನ್ನೆಯೇ ಯಾಕೆ ಮುಟ್ಟಿದೆ? ನನ್ನ ಅನ್ನಕ್ಕೆ ನೀನೇ ಮಣ್ಣು ಹಾಕಿದೆಯಲ್ಲೇ? ಎಲ್ಲವನ್ನೂ ಸಾಲಾಗಿ ಜೋಡಿಸಿಕೊಂಡು ಹೊಸ್ತಿಲು ದಾಟಿದ.

ಹೆಂಡತಿ ಬಟ್ಟೆ ಸುತ್ತಿದ ಕೈ ನೋಡಿ ಅವನನ್ನು ಕೂರಿಸಿದಳು. ಚೊಂಬಿನಲ್ಲಿ ನೀರು ತಂದು ಬೆರಳು ತೊಳೆದಳು.

"ಕೆಲಸ ಹೋಯ್ತು" ಎಂದ.

ಅವಳು ತೊಳೆಯುವುದನ್ನು ನಿಲ್ಲಿಸಲಿಲ್ಲ. "ಕಣ್ಣು ಗೊತ್ತಾಯ್ತಾ ಅವರಿಗೆ?"

ಸೀಟಣ್ಣ ಕತ್ತು ತಿರುಗಿಸಿದ. ಅವಳ ಕಿವಿಯ ಓಲೆ ಕಂಡಿತು, ಮುಖ ಕಾಣಲಿಲ್ಲ.

"ನನಗೆ ಒಂದೂವರೆ ವರ್ಷದಿಂದ ಗೊತ್ತು ರೀ. ಊಟಕ್ಕೆ ಕೂತಾಗ ತಟ್ಟೆ ಅಂಚು ತಡವ್ತೀರಿ. ನಿಮ್ಮ ಚಪ್ಪಲಿ ದಿನಾ ಒಂದೇ ಕಡೆ ಇರೋದು ತಾನಾಗೇ ಅಂದ್ಕೊಂಡ್ರಾ? ನೀವಾಗಿ ಹೇಳ್ಲಿ ಅಂತ ಸುಮ್ನಿದ್ದೆ." ಬೆರಳಿಗೆ ಹೊಸ ಬಟ್ಟೆ ಸುತ್ತುತ್ತಾ ದನಿ ತಗ್ಗಿಸಿದಳು. "ನಿನ್ನೆ ಒಂದು ತಪ್ಪು ಮಾಡ್ದೆ, ಬೈಬೇಡಿ. ಕಣ್ಣು ಮಂಜಾಗಿರುವಾಗ ಚಾಕೂ ಮೊಂಡಾದ್ರೆ ಇವರು ಹೇಗೆ ಕುಯ್ತಾರೆ ಅಂತ ಸಾಣೆಗೆ ಕೊಟ್ಟೆ. ಇದು ಸವೆದು ಸೊಟ್ಟಗಾಗಿದೆ ತಾಯಿ, ಮೊನೆ ಬೇರೆ ಇಲ್ಲ, ನೆಟ್ಟಗೆ ಮಾಡ್ಕೊಡ್ತೀನಿ ಅಂದ ಸಾಣೆಯವನು. ಪಾಪ, ಅರ್ಧ ಗಂಟೆ ಕಷ್ಟಪಟ್ಟ. ಒಳ್ಳೆ ಕುಯ್ತಾ ರೀ? ಇಲ್ಲ ಹರಿತ ಜಾಸ್ತಿಯಾಗಿಯೇ ಬೆರಳು ಕುಯ್ಕೊಂಡ್ರಾ?"

ಕಟ್ಟಿಕೊಂಡು ತಂದ ಬೈಗುಳವೆಲ್ಲ ನಾಲಿಗೆಯ ತುದಿಯಲ್ಲೇ ಇತ್ತು. ಎರಡು ವರ್ಷದಲ್ಲಿ ಒಂದೇ ಒಂದು ದಿನ ಬಾಯಿ ಬಿಟ್ಟು, ನೋಡೇ, ಈ ಸೊಟ್ಟ ಮೂತಿಯೇ ನನ್ನ ಕಣ್ಣು ಎಂದು ಹೇಳಿದ್ದರೆ ಅವಳು ಅದನ್ನು ಪ್ರಾಣದಂತೆ ಕಾಯುತ್ತಿದ್ದಳು. ಈಗ ಹೇಳಿದರೆ ಬದುಕಿರುವವರೆಗೂ ಅವಳು ಆ ತಪ್ಪನ್ನು ಹೊರಬೇಕು.

"ಒಳ್ಳೆ ಕುಯ್ತು ಕಣೇ" ಎಂದ. "ಮ್ಯಾನೇಜರೇ ಹೊಗಳಿದ. ಬೆರಳು ಕುಯ್ದದ್ದು ನನ್ನ ಕಣ್ಣಿನ ತಪ್ಪು, ಅದರದ್ದಲ್ಲ."

ಅವಳು ನಿಟ್ಟುಸಿರು ಬಿಟ್ಟಳು. ಸೀಟಣ್ಣ ಜೇಬಿನಿಂದ ಚಾಕು ತೆಗೆದ. ಆ ಮನೆಯೊಳಗೆ ಮೊದಲ ಸಲ ಅದನ್ನು ಬಿಚ್ಚಿ, ಹಿಡಿ ಅವಳ ಕಡೆಗೆ ಮಾಡಿ ಚಾಚಿದ.

"ಇನ್ನು ನೀನೇ ಇಟ್ಕೋ. ತರಕಾರಿ ಹೆಚ್ಚೋಕೆ ಆಗತ್ತೆ."

ಅವಳು ಒಲೆಯ ಬಳಿ ಕೂತು ಆಲೂಗಡ್ಡೆ ಹೆಚ್ಚತೊಡಗಿದಳು. "ನಿಜ ರೀ, ಬೆಣ್ಣೆ ಕುಯ್ದ ಹಾಗೆ ಹೋಗತ್ತೆ" ಎಂದಳು. ಅವನು ಗೋಡೆಗೊರಗಿ ಹಲಗೆಯ ಮೇಲೆ ಅಲಗು ತಾಗುವ ಸದ್ದನ್ನು ಕೇಳುತ್ತಾ, "ಹೂಂ" ಎಂದ.