ಬಾಗಿಲಿಗೆ ಹಚ್ಚಿದ ಕುಂಕುಮ

ಮಗಳಿಗೆ ಎಂಟು ವರ್ಷ. ಎರಡು ಕೆಲಸ ಒಟ್ಟಿಗೆ ಹೇಳಿದರೆ ಒಂದನ್ನು ದಾರಿಯಲ್ಲೇ ಚೆಲ್ಲಿ ಬರುತ್ತಾಳೆ. ಶಹಾಪುರದ ನಮ್ಮ ಓಣಿಯಲ್ಲಿ ಹೆಂಗಸರನ್ನು ಕರೆಯಲು ಮನೆಯ ಹುಡುಗಿಯನ್ನೇ ಕಳಿಸುವುದು ರೂಢಿ. ಕಳೆದ ಪಂಚಮಿಗೆ ಹೋದವಳು ಕೊನೆಯ ಮನೆ ಮರೆತಳು. ಅದು ಭಾವನ ಹೆಂಡತಿ, ನನ್ನ ನೆಗೆಣ್ಣಿಯ ಮನೆ. ಹುಡುಗಿ ಮರೆತಳೆಂದರೆ ಯಾರು ನಂಬುತ್ತಾರೆ? ನಾನೇ ಬೇಕಂತ ಬಿಡಿಸಿದೆನೆಂದು ಅವಳು ಮಾತು ಬಿಟ್ಟಳು.

ಶಾಲೆಯ ಮೇಡಂ ಹೇಳಿದರೆಂದು ಗಂಡ ಮೊಬೈಲಿನಲ್ಲಿ ನೆನಪಿನ ಆಟ ಹಾಕಿಕೊಟ್ಟರು. ಚೌಕಗಳು ಮಿಂಚುತ್ತವೆ, ಅದೇ ಸಾಲಿನಲ್ಲಿ ಒತ್ತಬೇಕು. ತಿಂಗಳುಗಟ್ಟಲೆ ಆಡಿ ನಮ್ಮಿಬ್ಬರನ್ನೂ ಸೋಲಿಸಿದಳು. ಅಂಗಡಿಗೆ ಕಳಿಸಿದರೆ ಮಾತ್ರ ಸಾಸಿವೆ ತಂದು ಜೀರಿಗೆ ಮರೆಯುವುದು ನಿಲ್ಲಲಿಲ್ಲ. ಗಾಳಿ ಗುದ್ದಿ ಮೈ ನೋಯಿಸಿಕೊಂಡಂತಾಯಿತು. 

ಈ ಸಲ ಬಸುರಿ ನಾದಿನಿಯ ಕುಬಸ, ಸೀಮಂತದ ಶಾಸ್ತ್ರ. "ದೊಡ್ಡ ವೈನಿ ಬರಲಿಲ್ಲಂದ್ರ ನಾ ಉಡಿ ತುಂಬಿಸ್ಕೊಳ್ಳೂದಿಲ್ಲ" ಎಂದು ನೆಗೆಣ್ಣಿಗಾಗಿ ಹಟ ಹಿಡಿದಳು. ನಾನು ಕರೆಯಲು ಹೋದರೆ ಹಳೆಯ ಜಗಳವೂ ಬೆನ್ನಿಗೆ ಬರುತ್ತದೆ. ಕುಂಕುಮದ ಬಟ್ಟಲು ಕೊಟ್ಟು ಮಗಳನ್ನೇ ಕಳಿಸಿ, ಮಾಳಿಗೆ ಹತ್ತಿ ನಿಂತೆ.

"ಸಂಜಿಕ ಕುಬಸಕ್ಕ ಬರ್ರಿ" ಎನ್ನುತ್ತ ಮನೆಯಿಂದ ಮನೆಗೆ ಹೋದಳು. ಮೇಲಿನಿಂದ ಬೆನ್ನಷ್ಟೇ ಕಾಣುತ್ತಿತ್ತು. ಅರ್ಧ ಓಣಿಯಲ್ಲಿ ಎಮ್ಮೆ ಹೊಡೆದುಕೊಂಡು ಬಂದ ಮುದುಕಿಯೊಬ್ಬಳು ಅವಳನ್ನು ಮಾತಿಗೆ ಎಳೆದಳು. ಮುದುಕಿ ಹೋದ ಮೇಲೂ ಮಗಳು ಕದಲಲಿಲ್ಲ. ಹೋಯಿತು, ಮರೆತಳು! ಕೂಗೋಣವೆಂದರೆ ಓಣಿಗೆಲ್ಲ ಕೇಳುತ್ತದೆ. ಕೂಗಿ ಕರೆದದ್ದು ಕರೆದಂತಲ್ಲ. ಸೆರಗು ಕಚ್ಚಿ ನಿಂತೆ. ಅವಳು ಬಾಗಿಲುಗಳನ್ನು ಒಂದೊಂದಾಗಿ ತಿರುಗಿ ನೋಡಿ ಮುಂದೆ ನಡೆದಳು. ತಿರುವಿನಾಚೆ ಏನಾಯಿತೋ ಕಾಣಲಿಲ್ಲ.

ಸಂಜೆ ಮನೆ ತುಂಬ ಹೆಂಗಸರು. ನೆಗೆಣ್ಣಿ ಇಲ್ಲ. ನಾದಿನಿ ಬಾಗಿಲನ್ನೇ ನೋಡುತ್ತಿದ್ದಳು. ನಾನು ಮಗಳನ್ನು ಕೇಳಿದೆ:

"ದೊಡ್ಡವ್ವಗ ಹೇಳಿದ್ಯಾ?"

"ಹೇಳೀನಿ."

ಪಂಚಮಿಗೂ ಹೀಗೇ ಅಂದಿದ್ದಳು. ನನ್ನ ಕೈ ಏಳುವುದರಲ್ಲಿತ್ತು, ನೆಗೆಣ್ಣಿ ಕೆಂಪು ಮುಖ ಹೊತ್ತು ಒಳಗೆ ಬಂದಳು.

"ಮನ್ಯಾಗ ಯಾರೂ ಇಲ್ಲಂದ್ರ ಬಾಗಲಕ್ಕ ಕುಂಕುಮ ಹಚ್ಚಿ ಬರ್ತಾರ. ನಾ ಎದುರಿಗೇ ಕುಂತಿದ್ದೆ. ನಿನ್ನ ಮಗಳು ನನ್ನ ಹಣಿ ಬಿಟ್ಟು ಬಾಗಲಕ್ಕ ಹಚ್ಚಿ ಬಂದಾಳ. ನಾ ಆಕಿ ಕಣ್ಣಿಗೆ ಕಾಣೂದಿಲ್ಲೇನು?"

"ನಮಗೂ ಹಂಗ ಮಾಡ್ಯಾಳ್ರಿ" ಎಂದರು ಇಬ್ಬರು.

ಮಗಳು ನನ್ನ ಬೆನ್ನ ಹಿಂದಿನಿಂದಲೇ ಹೇಳಿದಳು: "ನಿನಗ ಹಚ್ಚಿದ್ರ ನೀ ಒಳಗ ಹೋಗಿಬಿಡ್ತಿ ದೊಡ್ಡವ್ವ. ಬಾಗಲಾ ಅಲ್ಲೇ ಇರ್ತದ. ಯಾರ ಮನಿ ಉಳೀತು ಅಂತ ನೋಡಬೇಕಲ್ಲ. ಪಂಚಮಿಗಿ ನಿಮ್ಮನೀನೇ ಉಳದಿತ್ತು."

ನೆಗೆಣ್ಣಿ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು ಹಣೆ ಮುಂದೆ ಮಾಡಿದಳು.

"ಹಚ್ಚು. ನಾ ಎಲ್ಲೂ ಹೋಗೂದಿಲ್ಲ."