ಹೊಸ್ತಿಲ ಆಚೆ ಕೈ ಉಜ್ಜುತ್ತಿದ್ದ ಮಾವ

ನಮ್ಮ ಮಾವನ ಅಂಗೈಗಳು ಹಳದಿ ಇದ್ದವು. ಮೇಲೆ ಮೇಲೆ ಹತ್ತಿದ ಬಣ್ಣ ಅಲ್ಲ, ಗೆರೆಗಳ ಒಳಗೆ, ಉಗುರಿನ ಸಂದಿಯಲ್ಲಿ, ಹಿಮ್ಮಡಿಯ ಬಿರುಕಿನಲ್ಲಿ ಇಳಿದು ಕೂತ ಹಳದಿ. ಬನಿಯನ್ನಿನ ಬಗಲು ಹಳದಿ, ದಿಂಬಿನ ಚೀಲ ಹಳದಿ, ಚಪ್ಪಲಿ ಬಿಡುವಾಗ ಅವರು ಕೈ ಊರುತ್ತಿದ್ದ ಬಾಗಿಲ ಚೌಕಟ್ಟು ಹಳದಿ. ಬಸ್ಸಿನಲ್ಲಿ ತೆಗೆಸಿದ ಟಿಕೀಟಿನ ಮೇಲೂ ಹೆಬ್ಬೆಟ್ಟಿನ ಹಳದಿ. ಇಂಡಿ ಕಡೆಯಿಂದ ಹರೆಯದಲ್ಲಿ ದುಡಿಯಲು ಬಂದವರು ಸಾಂಗಲಿಯ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲರಾಗಿ ನಿಂತರು. ಅರಿಷಿಣದ ಚೀಲ ಹೊರುವುದೇ ಅವರ ಕೆಲಸ. ಓಣಿಯೊಳಗೆ ಅವರು ಕಾಲಿಟ್ಟರೆ ಮೊದಲು ವಾಸನೆ ಬರುತ್ತಿತ್ತು, ಆಮೇಲೆ ಅವರು.

ನಾನು ಮ್ಹೈಸಾಳದವಳು. ಅಪ್ಪ ಅವ್ವ ಕಂಡವರ ಹೊಲದಲ್ಲಿ ಕಬ್ಬು ಕಡಿದವರು. ತವರು, ಗಂಡನ ಮನೆ ಎರಡರಲ್ಲೂ ಪದವಿ ಪಡೆದ ಮೊದಲನೆಯವಳು ನಾನು. ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ, ಅದು ಪುಕ್ಕಟೆ ಬಂದದ್ದಲ್ಲ. ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಗಲೇ ಮದುವೆ ಆಯಿತು. ಇನ್ನು ಮುಗಿಯಿತು ಅಂದುಕೊಂಡು ಪುಸ್ತಕಗಳನ್ನು ಹಳೆಯ ಸೀರೆಯಲ್ಲಿ ಗಂಟು ಕಟ್ಟಿ ಅಟ್ಟದ ಮೇಲೆ ಇಟ್ಟಿದ್ದೆ. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ಗಂಡ, ಮಾವ, ನಾನು ಅಷ್ಟೇ. ಮಾವ ಒಂದು ದಿನ ಆ ಗಂಟನ್ನು ಇಳಿಸಿ ನನ್ನ ಮುಂದೆ ಇಟ್ಟರು. "ಬೆನ್ನಮ್ಯಾಲ ತಗೊಂಡೀ. ಗಾಡಿತನಕಾ ಒಯ್ದು ಇಳಸು. ನಡಬರಕ ಯಾಕ ಇಳಸ್ತೀ?" ಅಂದರು. ಪರೀಕ್ಷೆ ಇದ್ದ ದಿನಗಳಲ್ಲಿ ಸೈಕಲ್ಲಿನ ಹಿಂದೆ ನನ್ನನ್ನು ಕೂರಿಸಿಕೊಂಡು ಹೋಗಿ, ಕಾಲೇಜಿನ ಗೇಟಿನ ಎದುರು ಕಬ್ಬಿನ ಹಾಲಿನ ಗಾಡಿಯ ನೆರಳಿನಲ್ಲಿ ಕಾಯುತ್ತಿದ್ದರು. ಪದವಿಯ ಪ್ರಮಾಣಪತ್ರಕ್ಕೆ ಗಾಜು ಹಾಕಿಸಿ ತಂದವರೂ ಅವರೇ. ಗಾಜಿನ ಮೂಲೆಯಲ್ಲಿ ಹೆಬ್ಬೆಟ್ಟಿನ ಹಳದಿ ಮೂಡಿತ್ತು. ನಾನು ಒರೆಸುತ್ತಿದ್ದೆ, ಅವರು ಬಂದವರಿಗೆಲ್ಲ ಕೆಳಗಿಳಿಸಿ ತೋರಿಸುತ್ತಿದ್ದರು, ಮತ್ತೆ ಮೂಡುತ್ತಿತ್ತು.

ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ನನ್ನ ಫೋನಿನಲ್ಲಿದ್ದ 'ನಮ್ಮ ಮಂದಿ' ಎಂಬ ವಾಟ್ಸಾಪ್ ಗುಂಪಿಗೆ ನಿಜವಾದ ಯಜಮಾನರು ಅವರೇ. ಇಂಡಿ, ಅಥಣಿ, ಮ್ಹೈಸಾಳ, ಎಲ್ಲ ಕಡೆಯ ಸಂಬಂಧಿಕರು ಅದರಲ್ಲಿದ್ದರು. ಸಂಜೆ ಮನೆಗೆ ಬಂದು ಕಾಲು ತೊಳೆದ ಕೂಡಲೇ ಅವರ ಮೊದಲ ಮಾತು, "ಸುದ್ದಿ ಹಾಕಿದೇನವಾ?" ಹಾಕಿಲ್ಲ ಅಂದರೆ ತಾವೇ ಹೇಳಿ ಬರೆಸುವರು. ಬದನೆಕಾಯಿ ಸೋವಿ ಆಗಿದ್ದು, ನಳ ಬರದೇ ಹೋದದ್ದು, ನನ್ನ ಗಂಡನಿಗೆ ಕುಪವಾಡದ ಫೌಂಡ್ರಿಯಲ್ಲಿ ಪಾಳಿ ಬದಲಾಗಿದ್ದು, ಎಲ್ಲವೂ ಸುದ್ದಿ. ಮಗಳು ಹುಟ್ಟಿದ ದಿನ ಏನು ಬರೆಯಲಿ ಅಂತ ಕೇಳಿದೆ. "ನಮ್ಮವ್ವ ತಿರಗಿ ಬಂದಾಳಂತ ಹಾಕು," ಅಂದರು.

ತವರಿನಲ್ಲಿ ಇರುವುದೇ ಒಂದು ಕೋಣೆ, ಹಾಗಾಗಿ ಬಾಣಂತನಕ್ಕೆ ನನ್ನವ್ವನೇ ಸಾಂಗಲಿಗೆ ಬಂದಳು. ಮಾವ ತಮ್ಮ ಪಾಲಿನ ಕೆಲಸ ಮಾಡಿದರು. ಯಾರ್ಡಿನ ವ್ಯಾಪಾರಿಯ ಹತ್ತಿರ ಕೇಳಿ ಒಳ್ಳೊಳ್ಳೆಯ ಅರಿಷಿಣದ ಬೇರು ಆರಿಸಿ ತಂದು, ಒಣಗಿಸಿ, ತಾವೇ ಕುಟ್ಟಿ, ಮಲ್ಲಿನ ಬಟ್ಟೆಯಲ್ಲಿ ಸೋಸಿದರು. ಅಂಗಡಿಯ ಪುಡಿಯಲ್ಲಿ ಏನು ಬೆರೆಸಿರುತ್ತಾರೋ ಅಂತ ಅವರಿಗೆ ಅನುಮಾನ. ಜನ್ಮವೆಲ್ಲ ಕಂಡವರ ಮದುವೆಯ ಅರಿಷಿಣ ಹೊತ್ತಿದ್ದೇನೆ, ಇದೊಂದು ನಮ್ಮ ಮನೆಯದು ಅಂತ ಅವ್ವನ ಮುಂದೆ ಹೇಳಿಕೊಂಡರಂತೆ. ಅವ್ವ ದಿನಾ ಎರೆಯುವಾಗ ಕೂಸಿಗೆ ಎಣ್ಣೆ ಹಚ್ಚಿ, ಆ ಪುಡಿಯನ್ನು ಧಾರಾಳವಾಗಿ ತಿಕ್ಕುತ್ತಿದ್ದಳು. ನಮ್ಮಲ್ಲಿ ಎಲ್ಲ ಕೂಸುಗಳಿಗೂ ಹಾಗೇ ಮಾಡುವುದು. ನನಗೂ ಹಾಗೇ ಮಾಡಿದ್ದರು.

ನಾನು ದಿನಾ ಫೋಟೋ ಹಾಕಿದೆ. ಬಂಗಾರದ ಗೊಂಬಿ ಅಂತ ಒಬ್ಬರು, ಸೀಬಿ ಹಣ್ಣು ಅಂತ ಇನ್ನೊಬ್ಬರು. ಅಥಣಿಯ ಚಿಗವ್ವ ಬರೆದದ್ದು, ಅಜ್ಜನ ಕೈಬಣ್ಣ ಮೊಮ್ಮಗಳಿಗೆ ಹತ್ತೇತಿ, ಇನ್ನ ಆಕೀನೂ ಯಾರ್ಡಿಗೆ ಕಳಸ್ರಿ ಅಂತ. ಮಾವ ಅದನ್ನು ಎರಡೆರಡು ಸಲ ಓದಿಸಿಕೊಂಡು ನಕ್ಕರು. ಕೂಸನ್ನು ಎತ್ತಿಕೊಂಡಿರಲಿಲ್ಲ. ಬಾಣಂತಿಯ ಕೋಣೆ, ಅದರ ಮೇಲೆ ತಮ್ಮ ಕೈ ಗಲೀಜು ಅನ್ನುವ ಅಂಜಿಕೆ. ಹೊಸ್ತಿಲ ಆಚೆ ಕೂತು ನೋಡುತ್ತಿದ್ದರು.

ಕೂಸು ಮಲಗೇ ಇರುತ್ತಿತ್ತು. ಶಾಣ್ಯಾ ಕೂಸು, ಅಳುವುದೇ ಇಲ್ಲ ಅಂತ ಬಂದವರೆಲ್ಲ ಹೊಗಳಿದರು. ನನ್ನ ಎದೆ ಹಾಲು ಕಟ್ಟಿ ಕಲ್ಲಾಗಿತ್ತು. ಬಾಯಿಗೆ ಇಟ್ಟರೆ ಎರಡು ಸಲ ಚೀಪಿ ತುಟಿ ಸಡಿಲ ಬಿಡುತ್ತಿತ್ತು. ಕುಡೀವಲ್ದು ಅಂತ ಅವ್ವನಿಗೆ ಹೇಳಿದರೆ, ಹಸಿಗೂಸು ನಿದ್ದಿ ಮಾಡದ ಏನ ಮಾಡ್ತೈತಿ, ಚೊಚ್ಚಲ ಬಾಣಂತೀಗಿ ಎಲ್ಲಾನೂ ಭಯಾನ ಅಂದಳು. ಕೂಸನ್ನು ಎತ್ತಿದರೆ ಒದ್ದೆ ಬಟ್ಟೆಯ ಹಾಗೆ ತೋಳಿನ ಮೇಲೆ ಜೋಲುತ್ತಿತ್ತು.

ಅಮಾವಾಸ್ಯೆಗೆ ಯಾರ್ಡು ಬಂದ್. ಮಾವ ಮನೆಯಲ್ಲೇ ಇದ್ದರು. ಅವ್ವ ಕೂಸಿಗೆ ಎರೆದು ಬೆಳಕಿಗೆ ತಂದಿದ್ದಳು. ಕೂಸು ಒಂದು ಗಳಿಗೆ ಕಣ್ಣು ಬಿಟ್ಟಿತು. ಹೊಸ್ತಿಲ ಮೇಲಿದ್ದ ಮಾವ ಮುಂದೆ ಬಗ್ಗಿ, "ಬೀಗರ, ಕಣ್ಣಾಗ ಅರಿಷಿಣ ಹೋಗೇತಿ ನೋಡ್ರಿ. ಉರೀತೈತಿ, ಒರಸ್ರಿ," ಅಂದರು. ಅವ್ವ ಗಾಬರಿಯಿಂದ ಸೆರಗು ನೀರಿಗೆ ಅದ್ದಿ ಒರೆಸಿದಳು. ಕಣ್ಣಿನ ಬಿಳಿಯ ಹಳದಿ ಹಾಗೇ ಇತ್ತು. ಇನ್ನೊಮ್ಮೆ ಒರೆಸಿದಳು. ನಾನು ನೋಡುತ್ತಿದ್ದೆ. ಕಣ್ಣಿಗೆ ಅರಿಷಿಣ ಹೋದರೆ ಕೂಸು ಕಿರುಚಬೇಕು. ನನ್ನ ಕೂಸು ಅಳಲಿಲ್ಲ. ಒರೆಸುವ ಕೈಯನ್ನು ಒಲ್ಲೆ ಅಂತ ಮುಖ ಕೂಡ ತಿರುಗಿಸಲಿಲ್ಲ.

ಕಾಮಣಿ ಅಂದೆ, ಪುಸ್ತಕದಲ್ಲಿ ಓದಿದ ಕಾಮಾಲೆ. ಆ ಶಬ್ದ ನನ್ನ ಬಾಯಿಂದಲೇ ಬಂತು.

ಗಂಡ ಫೌಂಡ್ರಿಯಲ್ಲಿದ್ದ, ಫೋನು ಎತ್ತಲಿಲ್ಲ. ಮಾವ ಬರಿಗಾಲಲ್ಲಿ ರಸ್ತೆಗೆ ಓಡಿ, ಸೀಟಿನ ಲೆಕ್ಕದಲ್ಲಿ ಮಂದಿ ತುಂಬಿದ್ದ ವಡಾಪ್ ರಿಕ್ಷಾವನ್ನು ಅಡ್ಡ ನಿಂತು ನಿಲ್ಲಿಸಿದರು. ಅದರಲ್ಲಿದ್ದವರು ಇಳಿದು ಜಾಗ ಬಿಟ್ಟುಕೊಟ್ಟರು. ಮಿರಜದ ದವಾಖಾನೆ ಮುಟ್ಟುವತನಕ ಮಾವ ತಮ್ಮ ಟವೆಲ್ಲನ್ನು ಬಿಸಿಲಿಗೆ ಅಡ್ಡ ಹಿಡಿದಿದ್ದರು. ನಾನು ಕೂಸಿನ ಮೂಗಿನ ಹತ್ತಿರ ಬೆರಳು ಇಟ್ಟು ತೆಗೆಯುತ್ತಿದ್ದೆ, ಇಟ್ಟು ತೆಗೆಯುತ್ತಿದ್ದೆ.

ಡಾಕ್ಟರ್ ಬಾಯಿ ಮರಾಠಿ ಹೆಣ್ಣುಮಗಳು. ಮೊದಲು ಹತ್ತಿಯಿಂದ ಕೂಸಿನ ಎದೆ ಒರೆಸಿ, ಹತ್ತಿಗೆ ಹತ್ತಿದ ಬಣ್ಣ ನೋಡಿದರು. ಆಮೇಲೆ ಎದೆಯನ್ನು ಬೆರಳಿನಿಂದ ಒತ್ತಿ ಬಿಟ್ಟರು. ಒತ್ತಿದ ಜಾಗವೂ ಹಳದಿ. ಅವರ ಮುಖ ಬದಲಾಯಿತು. "ಹಳದ ಕೋಣೀ ಲಾವಲೀ?" ಅಂದರು. ಅರಿಷಿಣ ಹಚ್ಚಿದವರು ಯಾರು ಅಂತ. ಗಟ್ಟಿ ದನಿಯಲ್ಲಿ ಅಲ್ಲ, ಆದರೆ ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ನನ್ನವ್ವ ಅರಿಷಿಣದ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು. ಅವಳಿಗೆ ಮರಾಠಿ ಸರಿಯಾಗಿ ಬರುತ್ತದೆ, ಆ ಹೊತ್ತಿಗೆ ಯಾವ ಭಾಷೆಯೂ ಬರಲಿಲ್ಲ.

ಮಾವ ಒಂದು ಹೆಜ್ಜೆ ಮುಂದೆ ಬಂದರು. "ಮೀ ಲಾವಲೀ, ಬಾಯೀ," ಅಂದರು. ನಾನೇ ಹಚ್ಚಿದ್ದು. ಹೇಳಿ ಎರಡೂ ಅಂಗೈ ಚಾಚಿ ತೋರಿಸಿದರು. ಆ ಕೈ ನೋಡಿದ ಮೇಲೆ ಯಾರು ಇನ್ನೇನು ಕೇಳುತ್ತಾರೆ. ಕೂಸನ್ನು ಒಂದು ಸಲವೂ ಮುಟ್ಟಿರದ ಮನುಷ್ಯ ಬೈಗುಳ ಎಲ್ಲವನ್ನೂ ತಲೆ ತಗ್ಗಿಸಿ ಕೇಳಿಸಿಕೊಂಡರು.

ಬೈದು ಮುಗಿದ ಮೇಲೆ ಡಾಕ್ಟರ್ ಬಾಯಿ ನನಗೆ ತಿಳಿಸಿ ಹೇಳಿದರು. ನನ್ನ ರಕ್ತ, ಕೂಸಿನ ರಕ್ತ ಹೊಂದಿರಲಿಲ್ಲ, ಕಾಮಣಿ ಬಂದದ್ದು ಅದರಿಂದ, ಅರಿಷಿಣದಿಂದ ಅಲ್ಲ. ಅರಿಷಿಣ ಅದನ್ನು ಮುಚ್ಚಿತ್ತು ಅಷ್ಟೇ. ಈಗ ಅದು ತಲೆಗೆ ಏರುತ್ತಿದೆ, ರಕ್ತ ಬದಲಿಸಬೇಕು ಅಂದರು. ಕೂಸನ್ನು ಬರಿಮೈಯಲ್ಲಿ ನೀಲಿ ಬೆಳಕಿನ ಕೆಳಗೆ ಮಲಗಿಸಿ, ಕಣ್ಣಿಗೆ ಬಟ್ಟೆ ಕಟ್ಟಿದರು. ಗಾಜಿನ ಹೊರಗೆ ನಿಂತಿದ್ದಾಗ ನನ್ನ ಎದೆಯ ಹಾಲು ತಾನಾಗಿ ಸೋರಿ ಸೀರೆ ತೊಯ್ದಿತು. ಅದನ್ನು ಹಿಂಡಿ ಕೊಡಿ, ನಳಿಕೆಯಿಂದ ಹಾಕುತ್ತೇವೆ ಅಂತ ನರ್ಸ್ ಬಟ್ಟಲು ಕೊಟ್ಟು ಹೋದಳು. ಫೋನಿನಲ್ಲಿ 'ನಮ್ಮ ಮಂದಿ' ಕೇಳುತ್ತಿದ್ದರು, ಇವತ್ತಿನ ಫೋಟೋ ಎಲ್ಲಿ, ನಮ್ಮ ಬಂಗಾರ ಏನು ಮಾಡುತ್ತಿದೆ ಅಂತ. ನಾನು ಫೋನು ಬೋರಲು ಇಟ್ಟೆ.

ಮಾವ ದವಾಖಾನೆಯ ನಳದ ಹತ್ತಿರ ಇದ್ದರು. ಸಾಬೂನು ಹಚ್ಚಿ ತೊಳೆದರು, ಕಲ್ಲಿಗೆ ತಿಕ್ಕಿದರು, ಮತ್ತೆ ಸಾಬೂನು. ಅಂಗೈ ಕೆಂಪಗಾಗಿ ಚರ್ಮ ಕಿತ್ತು ಬಂದಿತ್ತು, ಗೆರೆಯ ಹಳದಿ ಹೋಗಿರಲಿಲ್ಲ. ನಾನು ಹೋಗಿ ನಳ ಬಂದ್ ಮಾಡಿದೆ. "ನಿನ್ನ ಪುಸ್ತಕದಾಗ ಏನ ಬರದೈತಿ, ಅವ್ವಾ? ನನ್ನ ಕೈಯಿಂದನ ಆತೇನು?" ಅಂದರು. ರಕ್ತದ ಮಾತನ್ನೆಲ್ಲ ಬಿಡಿಸಿ ಬಿಡಿಸಿ ಹೇಳಿದೆ. ತಲೆ ಅಲ್ಲಾಡಿಸುತ್ತ ಪೂರ್ತಿ ಕೇಳಿದರು. ಮರುದಿನ ಮತ್ತೆ ಅದನ್ನೇ ಕೇಳಿದರು. ಅದರ ಮರುದಿನವೂ. ನನಗೆ ಸಿಟ್ಟು ಬಂದು, ನನ್ನ ಓದಿನ ಮೇಲೆ ನಿಮಗೆ ನಂಬಿಕೆ ಇಲ್ಲವೇನು ಅಂತ ಕೇಳಿದೆ. "ನೀ ಹೇಳಿದ್ದೆಲ್ಲಾ ನಂಬತೇನಿ. ಇದೊಂದು ನಂಬಾಕ ಆಗವಲ್ದು," ಅಂದರು.

ಮಗಳು ಬದುಕಿ ಮನೆಗೆ ಬಂದಳು. ಹಾಲು ಕುಡಿದಳು, ಕೈಕಾಲು ಆಡಿಸಿದಳು. ಮಾವ ಅರಿಷಿಣದ ಕೆಲಸ ಬಿಟ್ಟು, ಜೊತೆಯ ಹಮಾಲರ ಹಳೆಯ ಟೋಳಿ ಬಿಟ್ಟು, ಬೆಲ್ಲದ ಅಂಗಡಿಗಳ ಕಡೆ ಹೋದರು. ಅಲ್ಲಿ ಅವರು ಹೊಸಬರು. ಈ ವಯಸ್ಸಿಗೆ ಕೆಲಸ ಕಲಿಯಾಕ ಬಂದೀ ಏನಜ್ಜ ಅಂತ ಹುಡುಗರು ಚಾಷ್ಟಿ ಮಾಡುತ್ತಿದ್ದರಂತೆ. ಕೂಸನ್ನು ಎತ್ತಿಕೊಳ್ಳಿ ಅಂದರೆ, ಉಗುರು ಬೆಳೆದು ಹಳದಿ ಪೂರಾ ಹೋಗಲಿ, ಆಮೇಲೆ ಅನ್ನುವರು. ಬುಡದಿಂದ ಬೆಳ್ಳಗೆ ಬೆಳೆಯುತ್ತಿದ್ದ ಉಗುರನ್ನು ಬಿಸಿಲಿಗೆ ಹಿಡಿದು ನನಗೆ ತೋರಿಸುವರು. ಸಂಜೆ ಬಂದು ಹೊಸ್ತಿಲ ಆಚೆ ನಿಂತು ಎರಡೂ ಅಂಗೈ ಒಂದಕ್ಕೊಂದು ಉಜ್ಜುವರು. ನೀರು ಇರಲಿ ಬಿಡಲಿ, ಉಜ್ಜುವರು. ಅದಾದ ಮೇಲೇ ಕೂಸಿನ ಕಡೆ ನೋಡುವುದು.

ಅವಳಿಗೆ ಕಿವಿ ಕೇಳಿಸುವುದಿಲ್ಲ ಅಂತ ಮೊದಲು ಅನುಮಾನ ಬಂದದ್ದು ನನಗೆ. ಓಣಿಯಲ್ಲಿ ಪಟಾಕಿ ಹಾರಿದಾಗ ಪಕ್ಕದ ಮನೆಯ ಕೂಸು ಬೆಚ್ಚಿ ಅತ್ತಿತು, ನನ್ನ ಮಗಳು ತನ್ನ ಕಾಲಿನ ಹೆಬ್ಬೆರಳು ಹಿಡಿದು ಆಡುತ್ತಿದ್ದಳು. ಯಾರಿಗೂ ಹೇಳಲಿಲ್ಲ. ಮರುದಿನ ಒಳಗಿನಿಂದ ನೋಡಿದರೆ, ಮಾವ ಅವಳ ಬೆನ್ನ ಹಿಂದೆ ಕೂತು ಗಂಗಾಳಕ್ಕೆ ಚಮಚೆಯಿಂದ ಬಡಿಯುತ್ತಿದ್ದರು. ಮೆಲ್ಲಗೆ, ಆಮೇಲೆ ಜೋರಾಗಿ, ಆಮೇಲೆ ಗಂಗಾಳ ನೆಲಕ್ಕೆ ಬಿಟ್ಟು. ಅವಳು ತಿರುಗಲಿಲ್ಲ. ಅವರು ನನ್ನನ್ನು ನೋಡಿದರು.

ಮಿರಜದಲ್ಲಿ ತಲೆಗೆ ತಂತಿ ಅಂಟಿಸಿ ತಪಾಸಣೆ ಮಾಡಿದರು. ತಲೆಗೆ ಏರಿದ ಕಾಮಣಿ ಕಿವಿಯ ನರ ತಿಂದಿತ್ತು. ಆ ಸಂಜೆ ಮಾವ ಸುದ್ದಿ ಹಾಕಿದೇನು ಅಂತ ಕೇಳಲಿಲ್ಲ. ನಾನೇ ಬರೆದೆ, ಬರೆದದ್ದನ್ನು ಅವರಿಗೆ ಓದಿ ಹೇಳಿದೆ. ಕೇಳಿ, ಕಡೆಗೆ ಒಂದು ಮಾತು ಕೂಡಿಸು ಅಂದರು. "ಅವರವ್ವ ಕಲ್ತಾಕಿ ಅದಾಳ, ಆಕೀಗೂ ಕಲಸ್ತಾಳ ಅಂತ ಹಾಕು." ಹಾಕಿದೆ. ಅದು ನಾನು ಈ ಜನ್ಮದಲ್ಲಿ ಹೊತ್ತ ಎಲ್ಲದಕ್ಕಿಂತ ಭಾರವಾದ ಮಾತು.

ಕಲಿಸುವ ಮೊದಲೇ ಅವಳು ಒಂದು ಕಲಿತಳು. ತೆವಳುತ್ತ ಹೋಗಿ ಹೊಸ್ತಿಲ ಹತ್ತಿರ ಕೂತು, ತನ್ನ ಸಣ್ಣ ಅಂಗೈಗಳನ್ನು ಒಂದಕ್ಕೊಂದು ಉಜ್ಜಿದಳು. ಅಜ್ಜ ಬರುವ ಹೊತ್ತಾಗಿತ್ತು. ಮರುದಿನ ಅವರು ಊಟಕ್ಕೆ ಕೂತಿದ್ದಾಗ ನನ್ನ ಮುಖ ನೋಡಿ, ಅವರ ಕಡೆ ನೋಡಿ, ಮತ್ತೆ ಅಂಗೈ ಉಜ್ಜಿದಳು. ಆಗ ತಿಳಿಯಿತು, ಅವಳಿಗೆ ಅದು ಅಜ್ಜ ಅನ್ನುವ ಶಬ್ದ. ಅವಳ ಮೊದಲ ಮಾತು. ಇದನ್ನು ಹೇಳಿದಾಗ ಮಾವ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟು ತಮ್ಮ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಉಗುರಿನ ತುದಿಯಲ್ಲಿ ಎಳೆಯಷ್ಟು ಹಳದಿ ಇನ್ನೂ ಇತ್ತು. ಅವತ್ತು ಅವಳನ್ನು ಎತ್ತಿಕೊಂಡರು. ಚೀಲ ಹೊತ್ತ ಹಾಗೆ ಬೆನ್ನ ಮೇಲೆ ಹಾಕಿಕೊಂಡು ಓಣಿಯ ತುದಿಯತನಕ ಹೋಗಿ ಬಂದರು. ಅದಾದ ಮೇಲೆ ದಿನಾ.

ಈ ಚಳಿಗಾಲದಲ್ಲಿ ಬೆಲ್ಲದ ಅಂಗಡಿಯ ಕಟ್ಟೆಯ ಮೇಲೆ ಚಹಾ ಕುಡಿಯಲು ಕೂತ ಮಾವ ಹಾಗೇ ವಾಲಿದರು, ಮತ್ತೆ ಏಳಲಿಲ್ಲ. ಹೊತ್ತು ತಂದವರು ಹಳೆಯ ಟೋಳಿಯ ಅರಿಷಿಣದ ಹಮಾಲರು. ಮಾವನ ಬಿಳಿ ಅಂಗಿಯ ಮೇಲೆಲ್ಲ ಅವರ ಹಳದಿ ಕೈ ಮೂಡಿತ್ತು. ಮಗಳನ್ನು ಪಕ್ಕದ ಮನೆಯ ಮಾವಶಿ ಎತ್ತಿಕೊಂಡು ಹೋಗಿದ್ದರು, ಅವಳು ಏನನ್ನೂ ನೋಡಲಿಲ್ಲ. ನೋಡಿದ್ದರೆ ಚಲೋ ಆಗುತ್ತಿತ್ತೇನೋ.

ಪ್ರಮಾಣಪತ್ರದ ಗಾಜಿನ ಮೂಲೆಯ ಹೆಬ್ಬೆಟ್ಟನ್ನು ಈಗ ನಾನು ಒರೆಸುವುದಿಲ್ಲ. 'ನಮ್ಮ ಮಂದಿ'ಗೆ ಸುದ್ದಿ ಹಾಕುವುದನ್ನೂ ಬಿಟ್ಟಿಲ್ಲ, ಹಲ್ಲು ಬಂದದ್ದು, ನಡೆದದ್ದು, ಕಿವಿಗೆ ಮಷೀನು ಹಾಕಿ ನೋಡಿದ್ದು, ಅದು ಅಷ್ಟಕ್ಕಷ್ಟೇ ಆದದ್ದು. ಹಾಕಲಾಗದ ಸುದ್ದಿ ಒಂದೇ. ಸಂಜೆ ಆದ ಕೂಡಲೇ ಮಗಳು ಹೊಸ್ತಿಲಿಗೆ ಹೋಗಿ ನನ್ನ ಕಡೆ ತಿರುಗಿ ಅಂಗೈ ಉಜ್ಜುತ್ತಾಳೆ. ಅಜ್ಜ ಎಲ್ಲಿ ಅಂತ. ಸತ್ತರು ಅನ್ನುವುದನ್ನು ಕೈಯಲ್ಲಿ ಹೇಗೆ ಹೇಳಬೇಕೋ ನನಗೆ ಗೊತ್ತಿಲ್ಲ. ಕಲಿತವಳು ನಾನು, ಕಲಿಸುತ್ತಾಳೆ ಅಂತ ಅವರು ಊರಿಗೆಲ್ಲ ಹೇಳಿ ಹೋಗಿದ್ದಾರೆ. ಅವಳು ಬಿಡದೆ ಉಜ್ಜುತ್ತಲೇ ಇರುತ್ತಾಳೆ. ಬೇರೆ ದಾರಿ ತೋಚದೆ, ಹೌದವ್ವಾ, ಅಜ್ಜ ಅಂತ ನಾನೂ ನನ್ನ ಅಂಗೈ ಉಜ್ಜುತ್ತೇನೆ.

ಅವಳು ಅದನ್ನು ನೋಡಿ ನಗುತ್ತಾಳೆ. ರಸ್ತೆಯ ಕಡೆ ತಿರುಗಿ, ಕಾಯುತ್ತ ಕೂರುತ್ತಾಳೆ.